ತಾಲೀಮಿನ ಜಾಗವೂ ಕೆಲಸದ ಜಾಗವೇ: ನಾಟಕದವರು ದೂರು ಕೊಡುವುದು ಯಾರಿಗೆ?

ಸಂಜೆ ಆರೂವರೆ. ಬೆಂಗಳೂರಿನ ಒಂದು ಶಾಲೆಯ ಹಾಲ್‌ನಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತಿ ನಡುವೆ ಜಾಗ ಮಾಡಿಕೊಂಡಿದ್ದೇವೆ. ಆಫೀಸು, ಕಾಲೇಜು, ಅಂಗಡಿ ಮುಗಿಸಿ ಒಬ್ಬೊಬ್ಬರೇ ಬರುತ್ತಿದ್ದಾರೆ. ಬಾಗಿಲ ಪಕ್ಕ ಒಂದು ಹಾಳೆ ಅಂಟಿಸಿದೆ. ಲೈಟಿನವರ ನಂಬರು, ಮೇಕಪ್‌ನವರ ನಂಬರು, ಸೆಟ್ ಸಾಗಿಸುವ ಟೆಂಪೋದವರ ನಂಬರು, ಹಾಲ್‌ನ ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದು, ಎಲ್ಲ ಅದರಲ್ಲಿದೆ. ತಂಡದಲ್ಲಿ 18 ಜನ. ಇವರಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಯಾರಿಗೆ ಹೇಳಬೇಕು ಅನ್ನೋದು ಮಾತ್ರ ಆ ಹಾಳೆಯಲ್ಲಿ ಇರಲಿಲ್ಲ. ಇಷ್ಟು ವರ್ಷ ಪರದೆ ಹಿಂದೆ ಓಡಾಡಿದ ನನಗೂ ಅದು ಹೊಳೆದದ್ದು ಈಚೆಗೆ.

ಹೊಳೆಸಿದ್ದು ಕೇರಳ. ಮಲಯಾಳಂ ಸಿನಿಮಾದಲ್ಲಿ ಹೆಂಗಸರ ಪರಿಸ್ಥಿತಿ ತಿಳಿಯಲು ಅಲ್ಲಿನ ಸರ್ಕಾರ 2017ರಲ್ಲಿ ನ್ಯಾಯಮೂರ್ತಿ ಕೆ. ಹೇಮಾ ಅವರ ಸಮಿತಿ ನೇಮಿಸಿತ್ತು. 2019ರ ಕೊನೆಗೆ ವರದಿ ಸರ್ಕಾರದ ಕೈ ಸೇರಿತು. ಜನರ ಕಣ್ಣಿಗೆ ಬಿದ್ದದ್ದು 2024ರ ಆಗಸ್ಟ್ 19ರಂದು, ಅದೂ ಕೆಲವು ಭಾಗ ಮರೆಮಾಡಿ. ಆಮೇಲೆ ಕನ್ನಡ ಚಿತ್ರರಂಗಕ್ಕೂ ಇಂಥದ್ದೊಂದು ಸಮಿತಿ ಬೇಕು ಎಂಬ ಒತ್ತಾಯ ಎದ್ದಿತು. ಟೀವಿಯಲ್ಲಿ ಚರ್ಚೆ, ಸಭೆ, ಮನವಿ ಎಲ್ಲ ಆಯಿತು. ಅದೇ ಕಲಾವಿದರಲ್ಲಿ ಎಷ್ಟೋ ಜನ ಬಂದದ್ದು ನಾಟಕದಿಂದ. ಆದರೆ ನಾಟಕದ ತಾಲೀಮಿನಲ್ಲಿ ಏನಾದರೂ ಆದರೆ ಯಾರನ್ನು ಕೇಳಬೇಕು ಅನ್ನೋದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅದನ್ನು ಬಿಡಿಸಿ ಹೇಳುವ ಪ್ರಯತ್ನ ಇದು.

## ಮೊದಲು ಪದಗಳು

ಮೂರು ಪದಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಕಿರುಕುಳ, ದೌರ್ಜನ್ಯ, ತಾರತಮ್ಯ. ಮೂರಕ್ಕೂ ದಾರಿ ಬೇರೆ ಬೇರೆ ಇರುವುದರಿಂದ ಬಿಡಿಸಿ ನೋಡುವುದು ಒಳ್ಳೆಯದು.

ಲೈಂಗಿಕ ಕಿರುಕುಳ ಎಂದರೆ ಆ ಹೆಂಗಸಿಗೆ ಬೇಡವಾದ ಲೈಂಗಿಕ ನಡವಳಿಕೆ. ಮೈ ಮುಟ್ಟುವುದು, ಅಶ್ಲೀಲ ಮಾತು, ರಾತ್ರಿ ಹನ್ನೊಂದಕ್ಕೆ ಕಳಿಸುವ ಮೆಸೇಜು, ‘ಪಾತ್ರ ಬೇಕಾ’ ಎಂದು ಅರ್ಥ ಬರುವ ಹಾಗೆ ಕೇಳುವುದು, ಎಲ್ಲವೂ ಇದರಲ್ಲಿ ಬರುತ್ತದೆ. ದೌರ್ಜನ್ಯ ಅದಕ್ಕಿಂತ ಅಗಲವಾದ ಪದ. ಹೊಡೆಯುವುದು, ಎಲ್ಲರೆದುರು ಅವಮಾನ ಮಾಡುವುದು, ಹೆದರಿಸುವುದು. ತಾರತಮ್ಯ ಒಂದೇ ದಿನದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕಪ್ಪಗಿರುವವರಿಗೆ ಪ್ರತಿ ಸಲ ದಾಸಿಯ ಪಾತ್ರವೇ ಬರುವುದು, ಒಂದು ಜಾತಿಯ ಹುಡುಗನ ಕೈಗೇ ಪೊರಕೆ ಹೋಗುವುದು, ನಟಿಯರಿಗೆ ಸಂಭಾವನೆ ಕಡಿಮೆ ಇರುವುದು. ವರ್ಷಗಟ್ಟಲೆ ನೋಡಿದಾಗ ಗೆರೆಗಳು ಕೂಡಿ ಚಿತ್ರವಾಗುತ್ತದೆ.

ಇನ್ನು ಹೊಣೆಗಾರಿಕೆ. ಇದನ್ನು ಶಿಕ್ಷೆ ಅಂತ ತಿಳಿದುಕೊಳ್ಳುವವರೇ ಜಾಸ್ತಿ. ಕರೆಂಟ್ ಹೋದಾಗ ಫೋನ್ ಮಾಡಿದರೆ ದೂರಿನ ನಂಬರ್ ಕೊಡುತ್ತಾರೆ, ಅಲ್ವಾ? ಆ ನಂಬರ್ ಇದ್ದರೆ ನಾಳೆ ಮತ್ತೆ ಫೋನ್ ಮಾಡಿ ‘ಏನಾಯ್ತು’ ಎಂದು ಕೇಳಬಹುದು. ಹೊಣೆಗಾರಿಕೆಯ ಮೊದಲ ಮೆಟ್ಟಿಲು ಅದು. ದೂರಿಗೊಂದು ವಿಳಾಸ, ಉತ್ತರಕ್ಕೊಂದು ಗಡುವು, ಕೇಳಿದವರ ಪಾತ್ರ ಹೋಗುವುದಿಲ್ಲ ಎಂಬ ಖಾತ್ರಿ. ಶಿಕ್ಷೆ ಆಮೇಲಿನ ಮಾತು.

## ನಾಟಕದಲ್ಲೇ ಯಾಕೆ ಇಷ್ಟು ಗೋಜಲು?

ಬ್ಯಾಂಕಿನಲ್ಲಿ ಒಬ್ಬರು ಇನ್ನೊಬ್ಬರ ಭುಜ ಹಿಡಿದು ಅಲುಗಾಡಿಸಿದರೆ ಅದು ತಪ್ಪು ಎಂದು ಯಾರೂ ಹೇಳಿಕೊಡಬೇಕಿಲ್ಲ. ನಾಟಕದಲ್ಲಿ ಅದು ಮೂರನೇ ದೃಶ್ಯ. ಇಲ್ಲಿ ಕೆಲಸದ ಸಾಮಾನು ಎಂದರೆ ಮೈ, ದನಿ, ಅಳು, ಸಿಟ್ಟು. ಮುಟ್ಟದೆ ನಾಟಕ ಆಗುವುದಿಲ್ಲ. ಹಾಗಾಗಿ ದೃಶ್ಯಕ್ಕೆ ಬೇಕಾದ ಮುಟ್ಟುವಿಕೆ ಎಲ್ಲಿ ಮುಗಿಯಿತು, ಬೇರೆಯದು ಎಲ್ಲಿ ಶುರುವಾಯಿತು ಎಂಬುದು ಮುಟ್ಟಿಸಿಕೊಂಡವರಿಗೆ ಗೊತ್ತಾದಷ್ಟು ಸುಲಭವಾಗಿ ನೋಡಿದವರಿಗೆ ಗೊತ್ತಾಗುವುದಿಲ್ಲ.

ಎರಡನೆಯದು, ಅಧಿಕಾರ ಒಬ್ಬರ ಕೈಯಲ್ಲಿ ಇರುತ್ತದೆ. ಯಾರಿಗೆ ಯಾವ ಪಾತ್ರ, ಯಾರು ಊರೂರು ಪ್ರದರ್ಶನಕ್ಕೆ ಬರಬೇಕು, ಮುಂದಿನ ನಾಟಕಕ್ಕೆ ಯಾರನ್ನು ಕರೆಯಬೇಕು, ಎಲ್ಲ ನಿರ್ದೇಶಕರ ಮನಸ್ಸಿನಲ್ಲಿ. ಆಫೀಸಿನಲ್ಲಿ ಕೆಲಸದಿಂದ ತೆಗೆದರೆ ಒಂದು ಪತ್ರವಾದರೂ ಬರುತ್ತದೆ. ನಾಟಕದಲ್ಲಿ ಫೋನ್ ಬರುವುದು ನಿಂತುಹೋಗುತ್ತದೆ, ಅಷ್ಟೆ. ಅದು ಸೇಡೋ, ಆ ನಾಟಕದಲ್ಲಿ ನಿಮಗೆ ಹೊಂದುವ ಪಾತ್ರ ನಿಜಕ್ಕೂ ಇರಲಿಲ್ಲವೋ, ಸಾಬೀತು ಮಾಡುವುದು ಹೇಗೆ?

ಮೂರನೆಯದು ‘ನಾವೆಲ್ಲ ಒಂದೇ ಮನೆಯವರು’ ಎಂಬ ಮಾತು. ತಂಡದಲ್ಲಿ ಯಾರೂ ಸಹೋದ್ಯೋಗಿಗಳಲ್ಲ. ಅಣ್ಣ, ಅಕ್ಕ, ಮೇಷ್ಟ್ರು, ಅಮ್ಮ. ಈ ಸಲಿಗೆ ಸುಳ್ಳಲ್ಲ. ಜ್ವರ ಬಂದಾಗ ಗಂಜಿ ತಂದುಕೊಟ್ಟವರು ಇವರೇ. ಆದರೆ ಮನೆಯವರ ಮೇಲೆ ದೂರು ಕೊಡುವ ರೂಢಿ ನಮ್ಮಲ್ಲಿ ಇಲ್ಲ. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಮೇಷ್ಟ್ರು ತಾಲೀಮಿನಲ್ಲಿ ಒಬ್ಬ ಹುಡುಗನ ಮೇಲೆ ಚಪ್ಪಲಿ ಎಸೆದರು. ಅದು ಅವನ ಕಿವಿ ಸವರಿಕೊಂಡು ಹೋಯಿತು. ನಾವು ಅದನ್ನು ಕ್ಯಾಂಟೀನಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡೆವು, ‘ಅಷ್ಟು ಶ್ರದ್ಧೆ ಅವರದ್ದು’ ಅಂತ. ಆ ಹುಡುಗನೂ ನಗುತ್ತಲೇ ಹೇಳಿದ. ಮುಂದಿನ ನಾಟಕಕ್ಕೆ ಮಾತ್ರ ಅವನು ಬರಲಿಲ್ಲ. ಯಾಕೆ ಅಂತ ನಾವ್ಯಾರೂ ಕೇಳಲೂ ಇಲ್ಲ.

## ಕಾನೂನು ಯಾವುದನ್ನು ಕೆಲಸದ ಜಾಗ ಎನ್ನುತ್ತದೆ?

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ ‘ಸಾಥಿನ್’, ಅಂದರೆ ಹಳ್ಳಿಯ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದರು. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅವರಿಗೆ ಆಫೀಸು ಇರಲಿಲ್ಲ, ಮೇಜು ಇರಲಿಲ್ಲ. ಊರೇ ಅವರ ಕೆಲಸದ ಜಾಗ. ಆ ಪ್ರಕರಣದ ಬೆನ್ನಲ್ಲಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್‌ನಲ್ಲಿ ಬಂದದ್ದು ವಿಶಾಖಾ ತೀರ್ಪು. ಅದರ ಮಾರ್ಗಸೂಚಿಗಳೇ 16 ವರ್ಷ ಕಾನೂನಿನ ಜಾಗದಲ್ಲಿ ನಿಂತವು. 2013ರಲ್ಲಿ ಕಾಯ್ದೆ ಬಂತು, ಅದೇ ವರ್ಷದ ಡಿಸೆಂಬರ್ 9ರಂದು ಜಾರಿಯಾಯಿತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ. ಎಲ್ಲರೂ ಚಿಕ್ಕದಾಗಿ ಪಾಶ್ ಕಾಯ್ದೆ ಅನ್ನುತ್ತಾರೆ.

ಈ ಕಾಯ್ದೆಯ ಶುರುವಿನಲ್ಲೇ ಇರುವ ವ್ಯಾಖ್ಯೆಗಳನ್ನು ನಾಟಕದವರು ಒಂದು ಸಲ ನಿಧಾನವಾಗಿ ಓದಬೇಕು. ಕೆಲಸದ ಜಾಗ ಎಂದರೆ ಏನೇನು ಎಂದು ಪಟ್ಟಿ ಮಾಡುವಾಗ ಸೊಸೈಟಿ, ಟ್ರಸ್ಟ್, ಸ್ವಯಂಸೇವಾ ಸಂಸ್ಥೆ ಎಲ್ಲ ಅದರಲ್ಲಿವೆ. ಅವು ಮಾಡುವ ಕೆಲಸಗಳ ಸಾಲಿನಲ್ಲಿ ಮನರಂಜನೆ ಎಂಬ ಪದವನ್ನು ಹೆಸರಿಟ್ಟೇ ಬರೆದಿದ್ದಾರೆ. ಕೆಲಸದ ಮೇಲೆ ಹೋಗುವ ಯಾವುದೇ ಊರು, ಮಾಲೀಕರು ಮಾಡಿಕೊಟ್ಟ ವಾಹನ ಕೂಡ ಕೆಲಸದ ಜಾಗವೇ. ಅಂದರೆ ಧಾರವಾಡಕ್ಕೆ ಪ್ರದರ್ಶನಕ್ಕೆ ಹೋಗುವಾಗ ತಂಡ ಮಾಡಿದ ವ್ಯಾನು, ಅಲ್ಲಿ ಉಳಿದುಕೊಂಡ ಛತ್ರ, ಗ್ರೀನ್ ರೂಮು, ಎಲ್ಲ ಸೇರಿತು.

ಉದ್ಯೋಗಿ ಯಾರು? ಕಾಯಂ, ತಾತ್ಕಾಲಿಕ, ದಿನಗೂಲಿ, ಗುತ್ತಿಗೆಯವರು, ತರಬೇತಿಗೆ ಬಂದವರು, ಅಪ್ರೆಂಟಿಸ್‌ಗಳು. ಸಂಬಳ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸ್ವಯಂಪ್ರೇರಣೆಯಿಂದ ಕೆಲಸ ಮಾಡುವವರೂ ಸೇರುತ್ತಾರೆ. ‘ನಾವು ದುಡ್ಡಿಗೆ ಮಾಡೋದಲ್ಲ, ಹವ್ಯಾಸ, ನಮಗೆ ಯಾವ ಕಾನೂನು’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಕಾಯ್ದೆಯ ಒಕ್ಕಣೆ ಹಾಗೆ ಹೇಳುವುದಿಲ್ಲ.

## ಸಂಬಳವೇ ಕೊಡದ ತಂಡಕ್ಕೆ ಮಾಲೀಕ ಯಾರು?

ಗೊಂದಲದ ಗಂಟು ಇರುವುದು ಇಲ್ಲಿ. ದೂರು ಕೊಡಬೇಕಾದ್ದು ಮಾಲೀಕರು ಮಾಡಿದ ಸಮಿತಿಗೆ. ನಾಟಕಕ್ಕೆ ಮಾಲೀಕರು ಯಾರು?

ಕಂಪನಿ ನಾಟಕದ ಕಾಲದಲ್ಲಿ ಈ ಪ್ರಶ್ನೆ ಕಷ್ಟದ್ದಾಗಿರಲಿಲ್ಲ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಅಂಥ ಕಂಪನಿಗಳಲ್ಲಿ ಮಾಲೀಕರನ್ನು ಮಾಲೀಕರು ಎಂದೇ ಕರೆಯುತ್ತಿದ್ದರು, ಈಗಲೂ ಕರೆಯುತ್ತಾರೆ. ಸಂಬಳ, ಊಟ, ಕ್ಯಾಂಪು ಅವರದ್ದೇ. ರಂಗಾಯಣದಂಥ ಸರ್ಕಾರಿ ಸಂಸ್ಥೆಯಲ್ಲೂ ಕಷ್ಟವಿಲ್ಲ. ಅಲ್ಲಿ ಆಡಳಿತ ಇದೆ, ಕಚೇರಿ ಇದೆ, ಇಲಾಖೆ ಇದೆ.

ಹವ್ಯಾಸಿ ತಂಡಕ್ಕೆ ಬಂದಾಗ ಎಲ್ಲ ಕಲಸಿಹೋಗುತ್ತದೆ. ಸೊಸೈಟಿ ಎಂದು ನೋಂದಣಿ ಆಗಿರುತ್ತದೆ, ಅಧ್ಯಕ್ಷರು ಯಾರೆಂದು ನಟರಿಗೇ ಗೊತ್ತಿರುವುದಿಲ್ಲ. ನಿರ್ದೇಶಕರು ಬೇರೆ ತಂಡದಿಂದ ಬಂದಿರುತ್ತಾರೆ. ಲೈಟಿನವರು ಐದು ತಂಡಕ್ಕೆ ಕೆಲಸ ಮಾಡುತ್ತಾರೆ. ಮಂಡ್ಯ, ತುಮಕೂರು ಕಡೆಯ ಹಳ್ಳಿ ನಾಟಕ ಇನ್ನೂ ಮಜಾ. ಅಲ್ಲಿ ದುರ್ಯೋಧನನ ಪಾತ್ರಕ್ಕೆ ನಟನೇ ದುಡ್ಡು ಕೊಡುತ್ತಾನೆ. ದ್ರೌಪದಿಯ ಪಾತ್ರಕ್ಕೆ ಪೇಟೆಯಿಂದ ನಟಿಯನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಕಲಿಸುತ್ತಾರೆ, ಸೀನರಿಯವರು ಬಾಡಿಗೆಗೆ ಬರುತ್ತಾರೆ. ಒಂದೇ ವೇದಿಕೆಯಲ್ಲಿ ದುಡ್ಡು ಕೊಟ್ಟವರೂ ಇದ್ದಾರೆ, ದುಡ್ಡು ತೆಗೆದುಕೊಂಡವರೂ ಇದ್ದಾರೆ. ಆ ನಟಿಗೆ ರಾತ್ರಿ ಎರಡು ಗಂಟೆಗೆ ಪರದೆ ಹಿಂದೆ ತೊಂದರೆಯಾದರೆ?

ಕಾಯ್ದೆ ಕೊಡುವ ಉತ್ತರ ತಕ್ಕಮಟ್ಟಿಗೆ ಸರಳ. ಮಾಲೀಕ ಎಂದರೆ ಸಂಬಳ ಕೊಡುವವರು ಎಂದಷ್ಟೇ ಅದು ಹೇಳುವುದಿಲ್ಲ. ಆ ಜಾಗದ ನಿರ್ವಹಣೆ, ಮೇಲ್ವಿಚಾರಣೆ, ಹಿಡಿತ ಯಾರದ್ದೋ ಅವರೇ ಮಾಲೀಕರು. ವ್ಯಕ್ತಿ ಇರಬಹುದು, ಸಮಿತಿ ಇರಬಹುದು. ಅಂದರೆ ತಂಡ ನಡೆಸುವ ಕಾರ್ಯದರ್ಶಿ, ನಿರ್ಮಾಣದ ಹೊಣೆ ಹೊತ್ತವರು, ನಾಟಕ ಆಡಿಸುವ ಊರಿನ ಸಮಿತಿ ಈ ವ್ಯಾಖ್ಯೆಯೊಳಗೆ ಬರಬಹುದು.

‘ಬರಬಹುದು’ ಎಂದು ಯಾಕೆ ಹೇಳಿದೆ ಎಂದರೆ ಕೋರ್ಟುಗಳು ಪ್ರತಿ ಸಲ ಸಂಬಂಧದ ಸ್ವರೂಪ ನೋಡುತ್ತವೆ. 2022ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟ್ ಒಂದೇ ತೀರ್ಪಿನಲ್ಲಿ ಎರಡು ಮಾತು ಹೇಳಿತು. ಪ್ರತಿಯೊಂದು ಸಿನಿಮಾ ನಿರ್ಮಾಣ ಘಟಕವೂ ಒಂದು ಸಂಸ್ಥೆ, ಅಲ್ಲಿ ದೂರು ಸಮಿತಿ ಬೇಕು ಎಂದಿತು. ರಾಜಕೀಯ ಪಕ್ಷದಲ್ಲಿ ಸದಸ್ಯರಿಗೂ ಪಕ್ಷಕ್ಕೂ ಮಾಲೀಕ-ಉದ್ಯೋಗಿ ಸಂಬಂಧ ಇಲ್ಲ, ಅಲ್ಲಿ ಸಮಿತಿ ಕಡ್ಡಾಯವಲ್ಲ ಎಂದಿತು. ನಾಟಕದ ತಂಡ ಸಿನಿಮಾ ಘಟಕಕ್ಕೆ ಹತ್ತಿರವೋ, ಪಕ್ಷಕ್ಕೆ ಹತ್ತಿರವೋ? ಟಿಕೆಟ್ ಮಾರುತ್ತೇವೆ, ದಿನದ ವೇಳಾಪಟ್ಟಿ ಇದೆ, ಒಬ್ಬರು ಹೇಳಿದಂತೆ ಇನ್ನೊಬ್ಬರು ಕೆಲಸ ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಸಿನಿಮಾ ಘಟಕವೇ ಹತ್ತಿರ.

## ದೂರು ಸಾಗುವ ದಾರಿ

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಹಿರಿಯ ಹುದ್ದೆಯ ಹೆಂಗಸು ಅಧ್ಯಕ್ಷರು. ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು. ಜೊತೆಗೆ ಹೊರಗಿನವರು ಒಬ್ಬರು, ಇಂಥ ವಿಷಯದಲ್ಲಿ ಕೆಲಸ ಮಾಡಿದ ಸ್ವಯಂಸೇವಾ ಸಂಸ್ಥೆಯವರೋ ಅನುಭವ ಇರುವವರೋ. ಈ ಹೊರಗಿನವರು ಸುಮ್ನೆ ಲೆಕ್ಕಕ್ಕೆ ಅಲ್ಲ. ತಂಡದೊಳಗೆ ಎಲ್ಲರೂ ಅಣ್ಣ-ಅಕ್ಕ ಆಗಿರುವಾಗ ಯಾರ ಅಣ್ಣನೂ ಅಲ್ಲದ ಒಬ್ಬರು ಬೇಕು.

ಹತ್ತಕ್ಕಿಂತ ಕಡಿಮೆ ಜನ ಇದ್ದರೆ? ಅಥವಾ ದೂರು ಇರುವುದೇ ತಂಡ ನಡೆಸುವವರ ಮೇಲೆ ಆದರೆ? ಆಗ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಇಂಥ ಸಮಿತಿ ಇರಬೇಕು. ತಾಲ್ಲೂಕು ಮಟ್ಟದಲ್ಲಿ ದೂರು ತೆಗೆದುಕೊಳ್ಳುವ ನೋಡಲ್ ಅಧಿಕಾರಿ ಇರಬೇಕು, ಅವರು 7 ದಿನದೊಳಗೆ ಅದನ್ನು ಸಮಿತಿಗೆ ದಾಟಿಸಬೇಕು. ನಾಟಕದವರಿಗೆ ಇದು ಬಹಳ ಮುಖ್ಯ. ನಮ್ಮಲ್ಲಿ ನಿರ್ದೇಶಕರೇ ಸಂಸ್ಥಾಪಕರು, ಅವರೇ ಕಾರ್ಯದರ್ಶಿ, ಕೆಲವು ಸಲ ಅವರದ್ದೇ ಮನೆಯ ಮಹಡಿಯಲ್ಲಿ ತಾಲೀಮು. ಅವರ ಮೇಲಿನ ದೂರನ್ನು ಅವರಿಗೇ ಕೊಡಬೇಕಾಗಿಲ್ಲ. ಜಿಲ್ಲಾಡಳಿತಗಳು ಈ ಸಮಿತಿಗಳನ್ನು ಸರಿಯಾಗಿ ಮಾಡಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲೂ 2024ರಲ್ಲೂ ಚಾಟಿ ಬೀಸಿದೆ. ಕೇಂದ್ರ ಸರ್ಕಾರದ ಶಿ-ಬಾಕ್ಸ್ ಪೋರ್ಟಲ್‌ನಲ್ಲೂ ದೂರು ಸಲ್ಲಿಸಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಲ್ಪನೆಯದ್ದೇ. ಜೂನ್ 1ಕ್ಕೆ ಶೋ ಮುಗಿಸಿ ಬರುವಾಗ ವ್ಯಾನಿನಲ್ಲಿ ಒಬ್ಬ ಹಿರಿಯ ನಟ ಹೊಸ ನಟಿಯ ಜೊತೆ ಅಸಭ್ಯವಾಗಿ ನಡೆದುಕೊಂಡ. ಅವಳು ಲಿಖಿತ ದೂರು ಕೊಡಲು ಮೂರು ತಿಂಗಳು, ಅಂದರೆ ಆಗಸ್ಟ್ ಮುಗಿಯುವವರೆಗೆ ಸಮಯ ಇದೆ. ಒಂದಾದ ಮೇಲೊಂದು ಘಟನೆ ಆಗಿದ್ದರೆ ಕೊನೆಯದ್ದರಿಂದ ಎಣಿಕೆ. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ಸಮಿತಿಯೇ ನೆರವಾಗಬೇಕು. ದೂರಿನ ಪ್ರತಿ 7 ಕೆಲಸದ ದಿನಗಳಲ್ಲಿ ಆ ನಟನಿಗೆ ಹೋಗುತ್ತದೆ. ಅವನು 10 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಸಮಿತಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರ. ಇಬ್ಬರೂ ವಕೀಲರನ್ನು ತರುವಂತಿಲ್ಲ. 90 ದಿನದಲ್ಲಿ ವಿಚಾರಣೆ ಮುಗಿಯಬೇಕು, ಆಮೇಲೆ 10 ದಿನದಲ್ಲಿ ವರದಿ, ವರದಿ ಕೈಸೇರಿದ 60 ದಿನದಲ್ಲಿ ಕ್ರಮ. ಒಪ್ಪಿಗೆಯಾಗದವರು 90 ದಿನದೊಳಗೆ ಮೇಲ್ಮನವಿ ಹಾಕಬಹುದು.

ನಡುವೆ ಅವಳು ಬಯಸಿದರೆ ಮಾತ್ರ ರಾಜಿಗೆ ಅವಕಾಶ. ದುಡ್ಡು ಕೊಟ್ಟು ಮುಗಿಸುವ ರಾಜಿಗೆ ಅವಕಾಶ ಇಲ್ಲ. ದೂರು ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳು ದೂರು ಆಗುವುದಿಲ್ಲ ಎಂದೂ ಕಾಯ್ದೆಯಲ್ಲೇ ಬರೆದಿದೆ. ಸಮಿತಿ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ.

ಮೂರು ತಿಂಗಳು ಅನ್ನೋದು ನಾಟಕದ ಮಟ್ಟಿಗೆ ತೀರಾ ಕಡಿಮೆ. ಒಂದು ನಾಟಕದ ತಾಲೀಮು ಮತ್ತು ಮೊದಲ ಸುತ್ತಿನ ಪ್ರದರ್ಶನಗಳೇ ಅಷ್ಟು ಕಾಲ ನಡೆಯುತ್ತವೆ. ‘ಶೋ ಮುಗೀಲಿ, ಆಮೇಲೆ ನೋಡೋಣ’ ಎಂದು ಗೆಳತಿಯರೇ ಹೇಳುತ್ತಾರೆ. ಶೋ ಮುಗಿಯುವಷ್ಟರಲ್ಲಿ ಗಡುವೂ ಮುಗಿದಿರುತ್ತದೆ. ಪೊಲೀಸ್ ದೂರಿಗೆ ಈ ಮೂರು ತಿಂಗಳ ಲೆಕ್ಕ ಇಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಲೈಂಗಿಕ ಕಿರುಕುಳ ಪ್ರತ್ಯೇಕ ಅಪರಾಧ, ಸೆಕ್ಷನ್ 75. ಸಮಿತಿ ಮತ್ತು ಪೊಲೀಸ್, ಎರಡೂ ಕಡೆ ಒಟ್ಟಿಗೇ ಹೋಗಬಹುದು.

## ಈ ಕಾಯ್ದೆಯ ಬಲೆಗೆ ಬೀಳದವು

ಚಪ್ಪಲಿ ಎಸೆದ ನಮ್ಮ ಮೇಷ್ಟ್ರು ಪಾಶ್ ಕಾಯ್ದೆಗೆ ಸಿಗುವುದಿಲ್ಲ. ಅದು ಲೈಂಗಿಕ ಕಿರುಕುಳಕ್ಕೆ ಮಾತ್ರ, ದೂರು ಕೊಡುವವರು ಹೆಂಗಸರಾಗಿದ್ದರೆ ಮಾತ್ರ. ಕೆಲಸದ ಜಾಗದಲ್ಲಿ ಬೈಯುವುದು, ಹೀಯಾಳಿಸುವುದು ಇವಕ್ಕೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನು ಇಲ್ಲ. ಪೆಟ್ಟಾದರೆ, ಬೆದರಿಸಿದರೆ ಮಾಮೂಲಿ ಕ್ರಿಮಿನಲ್ ಕಾನೂನು. ನಟರಿಗೆ, ಅಂದರೆ ಗಂಡಸರಿಗೆ, ಲೈಂಗಿಕ ಕಿರುಕುಳವಾದರೆ ದಾರಿ ಬಹಳ ಕಿರಿದು. ತಂಡ ತಾನೇ ಎಲ್ಲರಿಗೂ ಅನ್ವಯಿಸುವ ನಿಯಮ ಮಾಡಿಕೊಂಡರೆ ಉಂಟು.

ಜಾತಿಯ ವಿಷಯ ಬೇರೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆದರೆ ತಂಡದಲ್ಲಿ ಜಾತಿ ಅಷ್ಟು ಬಾಯಿಬಿಟ್ಟು ಮಾತಾಡುವುದು ಅಪರೂಪ. ‘ನಿನ್ನ ಉಚ್ಚಾರಣೆ ಸರಿ ಇಲ್ಲಪ್ಪ, ನೀನು ಸೆಟ್ ನೋಡ್ಕೋ’ ಎಂಬ ಮಾತಿನೊಳಗೆ ಅದು ಕೂತಿರುತ್ತದೆ. ಆ ಮಾತು ಹೇಳಿದವರಿಗೂ ಕೆಲವು ಸಲ ಅದು ಗೊತ್ತಿರುವುದಿಲ್ಲ. ಲಿಂಗತ್ವ ಅಲ್ಪಸಂಖ್ಯಾತ ಕಲಾವಿದರಿಗೆ ಕೆಲಸದಲ್ಲಿ ತಾರತಮ್ಯ ಮಾಡಬಾರದು ಎಂದು 2019ರ ಕಾಯ್ದೆ ಹೇಳುತ್ತದೆ.

ಮಕ್ಕಳ ವಿಷಯದಲ್ಲಿ ಮಾತ್ರ ಯಾವ ಗೊಂದಲವೂ ಇಲ್ಲ. ಬೇಸಿಗೆ ಬಂತೆಂದರೆ ನಮ್ಮಲ್ಲಿ ಊರೂರಿಗೆ ರಂಗಶಿಬಿರ. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಹುಡುಗ, ಹುಡುಗಿ ಇಬ್ಬರಿಗೂ ಅನ್ವಯ. ‘ತಂಡದ ಮರ್ಯಾದೆ’ ಎಂದು ಒಳಗೊಳಗೇ ಮುಗಿಸಿದರೆ ಮುಚ್ಚಿಟ್ಟವರೂ ಜೈಲಿಗೆ ಹೋಗಬೇಕಾದೀತು.

## ತಾರತಮ್ಯವನ್ನು ಎಣಿಸಿಯೇ ನೋಡಬೇಕು: ಡಬ್ಲಿನ್

ಐರ್ಲೆಂಡಿನ ರಾಷ್ಟ್ರೀಯ ರಂಗಮಂದಿರ ಡಬ್ಲಿನ್‌ನ ಅಬ್ಬೆ ಥಿಯೇಟರ್. ಬ್ರಿಟಿಷರ ಆಳ್ವಿಕೆಯ ವಿರುದ್ಧ ಅಲ್ಲಿ ಎದ್ದ 1916ರ ದಂಗೆಗೆ ನೂರು ವರ್ಷ ತುಂಬುವ ನೆಪದಲ್ಲಿ ಅದು 2015ರಲ್ಲಿ ಮುಂದಿನ ವರ್ಷದ ಕಾರ್ಯಕ್ರಮ ಪ್ರಕಟಿಸಿತು. ಹತ್ತು ನಾಟಕ. ಹೆಂಗಸು ಬರೆದದ್ದು ಒಂದು. ಅಲ್ಲಿನ ರಂಗಕರ್ಮಿ ಹೆಂಗಸರು ಈ ಲೆಕ್ಕವನ್ನೇ ಹಿಡಿದು ಕೂತರು. ಯಾರ ಮೇಲೂ ವೈಯಕ್ತಿಕ ದೂರಿಲ್ಲ, ಅಂಕಿ ಮಾತ್ರ. ಆ ನವೆಂಬರ್‌ನಲ್ಲಿ ಅದೇ ಥಿಯೇಟರಿನಲ್ಲಿ ಸಭೆ ಸೇರಿ ಒಬ್ಬೊಬ್ಬರೇ ವೇದಿಕೆಗೆ ಬಂದು ಮಾತಾಡಿದರು. ‘ವೇಕಿಂಗ್ ದ ಫೆಮಿನಿಸ್ಟ್ಸ್’ ಎಂಬ ಈ ಚಳವಳಿ ಒಂದು ವರ್ಷ ಎಂದು ಮೊದಲೇ ಗಡುವು ಹಾಕಿಕೊಂಡಿತ್ತು. ಆಮೇಲೆ ಅಲ್ಲಿನ ಹಲವು ರಂಗಸಂಸ್ಥೆಗಳು ಲಿಂಗ ಸಮಾನತೆಯ ನೀತಿ ಬರೆದು ಪ್ರಕಟಿಸಿದವು. ಒಬ್ಬ ನಿರ್ದೇಶಕರನ್ನು ಕೇಳಿದರೆ ‘ಒಳ್ಳೇ ನಾಟಕ ಸಿಗಲಿಲ್ಲ’ ಎಂದು ಹೇಳಿ ಪಾರಾಗಬಹುದು. ಹತ್ತಕ್ಕೆ ಒಂದು ಎಂಬ ಲೆಕ್ಕದೆದುರು ಆ ಉತ್ತರ ನಿಲ್ಲುವುದಿಲ್ಲ.

## ಶಿಕಾಗೊ: ನಮ್ಮ ಹಾಗೇ ಇರುವ ಸಣ್ಣ ತಂಡಗಳ ಕಥೆ

ಅಮೆರಿಕದ ಶಿಕಾಗೊ ನಗರದಲ್ಲಿ ‘ಸ್ಟೋರ್‌ಫ್ರಂಟ್’ ಥಿಯೇಟರುಗಳು ಬಹಳ. ಹಳೇ ಅಂಗಡಿ ಮಳಿಗೆಯಲ್ಲಿ ಕೆಲವೇ ಹತ್ತು ಕುರ್ಚಿ ಹಾಕಿ ನಾಟಕ ಆಡುವವರು. ಹಗಲು ಬೇರೆ ಕೆಲಸ, ಸಂಜೆ ತಾಲೀಮು. ದುಡ್ಡು ಕಡಿಮೆ, ಕೆಲವು ಕಡೆ ಇಲ್ಲವೇ ಇಲ್ಲ. ನಟರ ಸಂಘದ ಸದಸ್ಯತ್ವವೂ ಇಲ್ಲ. ಓದುತ್ತಿದ್ದರೆ ನಮ್ಮ ಬೆಂಗಳೂರಿನ ಹನುಮಂತನಗರದ ಕಥೆ ಅನ್ನಿಸುತ್ತದೆ.

ಅಂಥ ಒಂದು ಥಿಯೇಟರಿನಲ್ಲಿ 2010ರಲ್ಲಿ ಹಿಂಸೆಯ ದೃಶ್ಯಗಳಿರುವ ನಾಟಕವೊಂದು ದೊಡ್ಡ ಹೆಸರು ಮಾಡಿತು. ಎಷ್ಟು ನೈಜ ಎಂದು ಎಲ್ಲರೂ ಹೊಗಳಿದರು. 2016ರ ಜೂನ್‌ನಲ್ಲಿ ‘ಶಿಕಾಗೊ ರೀಡರ್’ ವಾರಪತ್ರಿಕೆ ಅಲ್ಲಿ ಕೆಲಸ ಮಾಡಿದ ಹಲವರನ್ನು ಮಾತಾಡಿಸಿ ದೀರ್ಘ ವರದಿ ಬರೆಯಿತು. ವೇದಿಕೆಯ ಮೇಲಿನ ಹೊಡೆತಗಳಲ್ಲಿ ಎಷ್ಟೋ ನಟನೆಯಾಗಿರಲಿಲ್ಲ, ಮೈಮೇಲಿನ ಕಂದುಗಟ್ಟಿದ ಗಾಯ ಮೇಕಪ್ ಆಗಿರಲಿಲ್ಲ ಎಂದು ಅವರು ಹೇಳಿದರು. ಕೆಲವೇ ದಿನಗಳಲ್ಲಿ ಆ ಥಿಯೇಟರ್ ಬಾಗಿಲು ಹಾಕಿತು.

ಅದಕ್ಕೂ ಮೊದಲೇ ಅಲ್ಲಿನ ಕಲಾವಿದರಾದ ಲೋರಿ ಮೈಯರ್ಸ್ ಮತ್ತು ಲಾರಾ ಫಿಶರ್ ‘ನಾಟ್ ಇನ್ ಅವರ್ ಹೌಸ್’ ಎಂಬ ಗುಂಪು ಕಟ್ಟಿದ್ದರು. ‘ನಮ್ಮ ಮನೆಯಲ್ಲಿ ಇದು ನಡೆಯಲ್ಲ’ ಎಂದು ಅರ್ಥ. ಇಂಗ್ಲಿಷಿನ ನಾಟಕದ ಭಾಷೆಯಲ್ಲಿ ಪ್ರೇಕ್ಷಕರು ಕೂರುವ ಹಾಲ್‌ಗೂ ‘ಹೌಸ್’ ಎಂದೇ ಹೆಸರು. ದೂರಿನ ಬಾಯಿ ಮುಚ್ಚಿಸುತ್ತಿದ್ದ ಮನೆ ಎಂಬ ಪದವನ್ನೇ ಅವರು ತಿರುಗಿಸಿ ಹಿಡಿದರು. ಹಲವು ತಂಡಗಳ ಜೊತೆ ಕೂತು, ನಿಜವಾದ ತಾಲೀಮುಗಳಲ್ಲಿ ಪರೀಕ್ಷೆ ಮಾಡಿ, 2017ರ ಡಿಸೆಂಬರ್‌ನಲ್ಲಿ ‘ಶಿಕಾಗೊ ಥಿಯೇಟರ್ ಸ್ಟ್ಯಾಂಡರ್ಡ್ಸ್’ ಎಂಬ ಕೈಪಿಡಿ ಹೊರತಂದರು. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಅದು ಕಾನೂನಲ್ಲ. ತಂಡಗಳು ತಾವಾಗಿ ಒಪ್ಪಿಕೊಳ್ಳುವ ನಿಯಮ.

ಅದರಲ್ಲಿ ಇರುವುದೆಲ್ಲ ಸಣ್ಣ ಸಣ್ಣ ಸಂಗತಿ. ನಾಟಕದಲ್ಲಿ ಮುತ್ತು, ಹೊಡೆದಾಟ, ಬಟ್ಟೆ ಕಳಚುವುದು ಏನಿದ್ದರೂ ಆಡಿಷನ್‌ಗೆ ಕರೆಯುವಾಗಲೇ ಹೇಳಬೇಕು. ದುಡ್ಡು ಎಷ್ಟು ಎಂದೂ ಆಗಲೇ ಹೇಳಬೇಕು. ಕತ್ತಿವರಸೆ ದೃಶ್ಯದಲ್ಲಿ ಹೆಜ್ಜೆ ಎಣಿಸಿ ಕಲಿಸುತ್ತೇವಲ್ಲ, ಆಪ್ತ ದೃಶ್ಯವನ್ನೂ ಹಾಗೇ ಕಲಿಸಬೇಕು. ಕೈ ಎಲ್ಲಿ, ಎಷ್ಟು ಹೊತ್ತು, ಮುಖ ಯಾವ ಕಡೆ. ಒಮ್ಮೆ ಗಟ್ಟಿಯಾದ ಮೇಲೆ ಯಾರೂ ಶೋ ದಿನ ‘ಮೂಡ್ ಬಂತು’ ಎಂದು ಬದಲಿಸುವಂತಿಲ್ಲ. ಬದಲಾದರೆ ಗೊತ್ತಾಗಿಬಿಡುತ್ತದೆ. ನಟನೆ ಎಲ್ಲಿ ಮುಗಿಯಿತು ಎಂಬ ಆ ಗೋಜಲಿಗೆ ಇದಕ್ಕಿಂತ ಸರಳ ಉತ್ತರ ನಾನು ಕಂಡಿಲ್ಲ.

ಇನ್ನೊಂದು, ದೂರಿನ ದಾರಿಯನ್ನು ಮೊದಲ ದಿನದ ಓದಿನಲ್ಲೇ ಎಲ್ಲರಿಗೂ ಕೊಡಬೇಕು. ಮೊದಲು ಯಾರಿಗೆ, ಅವರಲ್ಲಿ ಆಗದಿದ್ದರೆ ಯಾರಿಗೆ, ಕೊನೆಗೆ ತಂಡದ ಹೊರಗೆ ಯಾರಿಗೆ, ಹೆಸರು ಮತ್ತು ನಂಬರ್ ಸಮೇತ. ನಟರು ತಮ್ಮೊಳಗೆ ಒಬ್ಬರನ್ನು ಪ್ರತಿನಿಧಿಯಾಗಿ ಆರಿಸಬೇಕು. ನಿರ್ದೇಶಕರು ಆರಿಸುವಂತಿಲ್ಲ.

## ಫೇಸ್‌ಬುಕ್‌ನಲ್ಲಿ ಬರೆದರೆ ಆಗಲ್ವಾ?

ಬಹಳ ಜನ ಕೇಳುವ ಪ್ರಶ್ನೆ. ದೂರು ಕೊಡುವ ಜಾಗವೇ ಇಲ್ಲದಿದ್ದಾಗ ಜನ ಅಲ್ಲಿಗೇ ಹೋಗುತ್ತಾರೆ, ಶಿಕಾಗೊದಲ್ಲೂ ಮಾತು ಶುರುವಾದದ್ದು ಅಲ್ಲಿಂದಲೇ. ಆದರೆ ಎರಡು ವಿಷಯ ತಿಳಿದಿರಲಿ. ನಮ್ಮಲ್ಲಿ ಮಾನನಷ್ಟ ಈಗಲೂ ಕ್ರಿಮಿನಲ್ ಅಪರಾಧ, ಹೆಸರಿಸಲ್ಪಟ್ಟವರು ಕೇಸು ಹಾಕಬಹುದು. ಪಾಶ್ ಸಮಿತಿಗೆ ದೂರು ಕೊಟ್ಟ ಮೇಲೆ ದೂರುದಾರರು, ಎದುರಿನವರು, ಸಾಕ್ಷಿಗಳು ಯಾರು ಎಂಬುದನ್ನು ಬಹಿರಂಗ ಮಾಡಬಾರದು ಎಂದೂ ಕಾಯ್ದೆ ಹೇಳುತ್ತದೆ. ಬರೆಯುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಒಮ್ಮೆ ಕೇಳುವುದು ಒಳ್ಳೆಯದು. ಹೆಂಗಸರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಪುಕ್ಕಟೆ ಕಾನೂನು ನೆರವು ಸಿಗುತ್ತದೆ. ಮೆಸೇಜುಗಳ ಸ್ಕ್ರೀನ್‌ಶಾಟ್, ತಾಲೀಮಿನ ವೇಳಾಪಟ್ಟಿ, ಆವತ್ತೇ ಯಾರಿಗಾದರೂ ಹೇಳಿಕೊಂಡಿದ್ದರೆ ಅವರ ಹೆಸರು, ದಿನಾಂಕ, ಇವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

## ನಮ್ಮ ಹಾಳೆ ಈಗ

ನಮ್ಮ ತಂಡದ ಹಾಳೆಗೆ ಈಗ ಮೂರು ಸಾಲು ಸೇರಿವೆ. ಆಂತರಿಕ ಸಮಿತಿಯ ಅಧ್ಯಕ್ಷರು, ಹೊರಗಿನ ಸದಸ್ಯರು, ಜಿಲ್ಲೆಯ ಸ್ಥಳೀಯ ಸಮಿತಿ. ಸ್ಥಳೀಯ ಸಮಿತಿಯ ನಂಬರ್ ಹುಡುಕಲು ಮೂರು ದಿನ ಬೇಕಾಯಿತು. ಇದನ್ನು ಅಂಟಿಸಿದ ದಿನ ಹಿರಿಯರೊಬ್ಬರು ‘ನಾವೇನು ಆಫೀಸಾ?’ ಎಂದು ಗೊಣಗಿದರು. ಆದರೂ ಚೀಟಿ ಹಾಕುವಾಗ ಅವರೂ ಹಾಕಿದರು.

ಚೀಟಿ ಹಾಕಿದ್ದು ನಟರ ಪ್ರತಿನಿಧಿಗೆ. 18 ಜನ, 18 ಚೀಟಿ, ಪ್ರಾಪರ್ಟಿ ಪೆಟ್ಟಿಗೆಯಲ್ಲಿದ್ದ ಹಿತ್ತಾಳೆ ಚೊಂಬಿನೊಳಗೆ. ಮುಖ್ಯ ಪಾತ್ರದವರಿಗೆ ಬೀಳುತ್ತದೆ ಎಂದುಕೊಂಡಿದ್ದೆವು. ಹನ್ನೊಂದು ಚೀಟಿಯಲ್ಲಿ ಬಟ್ಟೆ ನೋಡಿಕೊಳ್ಳುವ ಅಕ್ಕನ ಹೆಸರಿತ್ತು. ಅವರು ಎರಡು ಸಾಲಿನ ಪಾತ್ರ ಮಾಡುತ್ತಾರೆ, ಉಳಿದ ಹೊತ್ತೆಲ್ಲ ಸೂಜಿ, ಪಿನ್ನು. ಸೆರಗಿಗೆ ಪಿನ್ ಹಾಕಿಸಿಕೊಳ್ಳುವಾಗ ಎಲ್ಲರೂ ಅವರ ಹತ್ತಿರ ಏನಾದರೊಂದು ಹೇಳಿಕೊಳ್ಳುತ್ತಾರೆ.